ಹಕ್ಕಿಜ್ವರವೂ ಸುದ್ದಿಯ ಹೊಣೆಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವರ್ಷದ ಉತ್ಸವದಲ್ಲಿ ನಾವು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಕುಮಾರವ್ಯಾಸನನ್ನೋ ವಚನಕಾರರನ್ನೋ ಕುರಿತು ಏನಾದರೂ ಬರುವುದೆಂದು ಅವರು ನಿರೀಕ್ಷಿಸಿದ್ದಿರಬೇಕು. ನಾವು ಹಕ್ಕಿಜ್ವರವೆಂದು ವಿಷಯವನ್ನು ತಿಳಿಸಿದೆವು. ಅವರು ಎರಡನೆಯ ಸಲ ಕೇಳಿ ದೃಢಪಡಿಸಿಕೊಂಡರು. ತರಗತಿಯಲ್ಲಿ ಹಿಟ್ಟಿನ ಕೋಳಿಯ ಕಥೆಯನ್ನು ಪಾಠ ಹೇಳುವವರಿಗೆ ಜೀವಂತ ಕೋಳಿಗಳ ರೋಗದ ಗೊಡವೆ ಏಕೆಂಬ ಶಂಕೆ ಸಹಜವೇ ಆಗಿದೆ. ನಾವು ಪಶುವೈದ್ಯರಲ್ಲ, ಔಷಧದ ಮಾತನ್ನು ನಾವು ಆಡುವುದಿಲ್ಲ. ಆದರೆ ಈ ರೋಗದ ಶೋಧನೆಯಲ್ಲಿ ಮೊದಲ ಹೆಜ್ಜೆ ಔಷಧದ್ದೂ ಅಲ್ಲ, ಯಂತ್ರದ್ದೂ ಅಲ್ಲ, ಮಾತಿನದು. ಹಿತ್ತಿಲಲ್ಲಿ ಕೋಳಿ ಸತ್ತಿತೆಂದು ಒಬ್ಬರು ಇನ್ನೊಬ್ಬರಿಗೆ ಸರಿಯಾಗಿ ತಿಳಿಸುವ ತನಕ ಎಂಥ ದೊಡ್ಡ ಪ್ರಯೋಗಶಾಲೆಯೂ ತನ್ನ ಕೆಲಸವನ್ನು ಆರಂಭಿಸಲಾರದು. ಸರಿಯಾಗಿ ಹೇಳುವುದನ್ನೂ ಬರೆಯುವುದನ್ನೂ ಕಲಿಸುವುದು ನಮ್ಮ ವೃತ್ತಿಯಾದ್ದರಿಂದ ಈ ವಿಷಯಕ್ಕೆ ಕೈಹಾಕಿದ್ದೇವೆ.

೨೦೨೫ರ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ಇಲ್ಲಿ ಕುಳಿತಿರುವವರಾರೂ ಮರೆತಿರಲಾರರು. ಮೊದಲು ಗೋದಾವರಿ ಜಿಲ್ಲೆಗಳಲ್ಲಿ, ತಣುಕು ಸಮೀಪದ ವೇಲ್ಪೂರು, ಪೆರವಲಿ ಮಂಡಲದ ಕಾನೂರು ಮುಂತಾದ ಊರುಗಳಲ್ಲಿ ಕೋಳಿಗಳು ರಾಶಿರಾಶಿಯಾಗಿ ಸತ್ತವು. ಬಳಿಕ ನಮ್ಮ ಕರ್ನೂಲು ಜಿಲ್ಲೆಯಲ್ಲಿಯೂ ರೋಗ ಇರುವುದು ದೃಢಪಟ್ಟಿತು. ಹೆಚ್ಚುಕಡಮೆ ಅದೇ ದಿನಗಳಲ್ಲಿ ಗಡಿಯಾಚೆ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ, ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ರೋಗ ಕಾಣಿಸಿಕೊಂಡಿತು. ಆದವಾನಿಯಲ್ಲಿರುವ ನಮಗೆ ಎಡದಿಂದಲೂ ಬಲದಿಂದಲೂ ಒಂದೇ ಸುದ್ದಿ. ೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವಷ್ಟೆ. ಆ ಗೆರೆ ಕಚೇರಿಗಳನ್ನು ಬೇರ್ಪಡಿಸಿತು. ಮೊಟ್ಟೆಯ ಗಾಡಿಯನ್ನಾಗಲಿ, ಮರಿಗಳ ಪೆಟ್ಟಿಗೆಯನ್ನಾಗಲಿ, ಮಗಳ ಮನೆಗೆ ಹೊರಟ ಹುಂಜವನ್ನಾಗಲಿ ಬೇರ್ಪಡಿಸಲಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಅತ್ತಣ ನೀರನ್ನು ಇತ್ತ ತರುತ್ತಲೇ ಇದೆ. ಹಿಮಾಲಯವನ್ನು ದಾಟಿ ಗದಗ ಸೀಮೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳಿಗೆ ರಾಜ್ಯ ಯಾವುದಾದರೇನು?

ಹಾಗೆಂದು ರೋಗದ ಭಾರವನ್ನೆಲ್ಲ ವಲಸೆ ಹಕ್ಕಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ನೀರುಹಕ್ಕಿಗಳು ಈ ವಿಷಾಣುವನ್ನು ದೂರದ ದೇಶಗಳಿಂದ ಹೊತ್ತು ತರಬಲ್ಲವೆಂಬುದು ನಿಜ. ಆದರೆ ಒಂದು ಕೋಳಿಯ ಗೂಡಿನಿಂದ ಮತ್ತೊಂದು ಗೂಡಿಗೆ ಅದನ್ನು ಒಯ್ಯುವುದು ಬಹುಮಟ್ಟಿಗೆ ಮನುಷ್ಯನೇ. ತೊಳೆಯದ ಪಂಜರ, ಮೊಟ್ಟೆಯ ತಟ್ಟೆ, ಮೇವಿನ ಚೀಲ, ಲಾರಿಯ ಚಕ್ರ, ಮಾರುವವನ ಕಾಲಿನ ಚಪ್ಪಲಿ, ಇವೆಲ್ಲ ವಾಹನಗಳೇ. ತಂಪಾದ ಒದ್ದೆಯ ಹಿಕ್ಕೆಯಲ್ಲಿ ವಿಷಾಣು ಬಹಳ ದಿನ ಜೀವಂತವಾಗಿರುತ್ತದೆ.

ರೋಗವೇನೂ ಹೊಸತಲ್ಲ. ೧೮೭೮ರಲ್ಲಿ ಇಟಲಿಯ ಪೆರೊನ್‌ಚಿಟೊ ಎಂಬ ವಿದ್ವಾಂಸನು ಕೋಳಿಗಳ ಮಾರಿಯೊಂದನ್ನು ವರ್ಣಿಸಿ ಬರೆದನು. ಅದನ್ನುಂಟುಮಾಡುವ ವಿಷಾಣುವು ಮನುಷ್ಯರ ಇನ್‌ಫ್ಲುಯೆನ್ಜಾ ವಿಷಾಣುವಿನ ಕುಲಕ್ಕೇ ಸೇರಿದ್ದೆಂದು ಗೊತ್ತಾದದ್ದು ೧೯೫೫ರಲ್ಲಿ. ೧೯೯೬ರಲ್ಲಿ ಚೀನದ ಗುವಾಂಗ್‌ಡಾಂಗ್ ಪ್ರಾಂತದ ಹೆಬ್ಬಾತುಗಳಲ್ಲಿ ಕಂಡ ಎಚ್೫ಎನ್೧ ಎಂಬ ಬಗೆಯ ಸಂತತಿ ಮರುವರ್ಷ ಹಾಂಗ್‌ಕಾಂಗಿನಲ್ಲಿ ೧೮ ಜನರಿಗೆ ತಗುಲಿ ೬ ಜನರನ್ನು ಬಲಿತೆಗೆದುಕೊಂಡಿತು. ಅಂದಿನಿಂದ ಕೋಳಿಯ ರೋಗ ಕೋಳಿಯ ಮಾತಾಗಿ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಅದು ಮೊದಲು ದೃಢಪಟ್ಟದ್ದು ೨೦೦೬ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ನವಾಪುರವೂ ನಮ್ಮಂತೆಯೇ ಗಡಿಯ ಊರು. ಅಲ್ಲಿನ ರೈಲು ನಿಲ್ದಾಣದ ಒಂದು ಪಾಲು ಮಹಾರಾಷ್ಟ್ರದಲ್ಲಿಯೂ ಇನ್ನೊಂದು ಪಾಲು ಗುಜರಾತಿನಲ್ಲಿಯೂ ಇದೆ. ರೋಗವೂ ಆ ನಿಲ್ದಾಣದಂತೆಯೇ ಎರಡು ಕಡೆಗೂ ಚಾಚಿಕೊಂಡಿತು. ಗುಜರಾತಿನ ಉಚ್ಛಲದಲ್ಲಿಯೂ ಕಾಣಿಸಿತು. ನವಾಪುರದ ಕೋಳಿಸಾಕಣೆಯವರಲ್ಲಿ ಹಲವರು ಮೊದಲಲ್ಲಿ ಅದನ್ನು ರಾಣಿಖೇತ್ ರೋಗವೆಂದೇ ಭಾವಿಸಿದ್ದರು. ಭೋಪಾಲದ ಉನ್ನತ ಸುರಕ್ಷತಾ ಪ್ರಯೋಗಶಾಲೆಯಿಂದ ಉತ್ತರ ಬರುವ ತನಕ ಹೆಸರು ಒಂದು, ಕೊಲ್ಲುತ್ತಿದ್ದುದು ಮತ್ತೊಂದು.

ಈ ಹೆಸರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ರಾಣಿಖೇತ್ ಎಂಬುದು ಕುಮಾವೂ ಬೆಟ್ಟಗಳ ಒಂದು ಊರು. ಆ ರೋಗಕ್ಕೆ ನಮ್ಮ ಜನ ಇಟ್ಟ ಹೆಸರು ಕೊಕ್ಕರೆ ರೋಗ. ತೆಲುಗಿನವರೂ ಕೊಕ್ಕೆರ ತೆಗುಲೆಂದೇ ಕರೆಯುತ್ತಾರೆ. ಹೆಸರು ಎಷ್ಟು ಬಳಕೆಯಾಗಿದೆಯೆಂದರೆ, ಕೋಳಿ ಗುಂಪಾಗಿ ಸತ್ತಾಗಲೆಲ್ಲ, ‘ಕೊಕ್ಕರೆ ರೋಗ ಬಂತು, ಹೋಯಿತು’ ಎಂದುಬಿಟ್ಟರೆ ಮಾತು ಮುಗಿಯಿತು. ಹೆಸರು ಸಿಕ್ಕಿದ ಕೂಡಲೇ ಮನಸ್ಸು ಕೈಕಟ್ಟಿ ಕುಳಿತುಕೊಳ್ಳುತ್ತದೆ. ಕೊಕ್ಕರೆ ರೋಗದಲ್ಲಿ ಕತ್ತು ತಿರುಚುವುದು, ಹಸುರು ಭೇದಿ, ಕಾಲು ರೆಕ್ಕೆ ಬೀಳುವುದು ಹೆಚ್ಚಾಗಿ ಕಂಡುಬರುತ್ತವೆ. ಹಕ್ಕಿಜ್ವರದಲ್ಲಿ ಯಾವ ಸೂಚನೆಯೂ ಇಲ್ಲದೆ ಒಂದೇ ರಾತ್ರಿಯಲ್ಲಿ ಹಲವು ಸಾಯುವುದು, ಮುಖ ಊದಿಕೊಳ್ಳುವುದು, ತಲೆಯ ಜುಟ್ಟೂ ಗದ್ದದ ಜೋಲೂ ನೀಲಿಗಟ್ಟುವುದು, ಕಾಲಿನ ಚರ್ಮದಲ್ಲಿ ರಕ್ತದ ಕಲೆಗಳೇಳುವುದು, ಮೊಟ್ಟೆ ನಿಲ್ಲುವುದು ಅಥವಾ ಮೆತ್ತನೆಯ ಚಿಪ್ಪಿನ ಮೊಟ್ಟೆ ಬೀಳುವುದು ಇವು ಲಕ್ಷಣಗಳು. ಆದರೆ ಒಂದರ ಲಕ್ಷಣ ಇನ್ನೊಂದರಲ್ಲಿಯೂ ಬರುವುದುಂಟು. ಬಾತುಗಳಂತೂ ಎಷ್ಟೋ ಸಲ ರೋಗವನ್ನು ಹೊತ್ತಿದ್ದರೂ ಆರೋಗ್ಯದಿಂದಿರುವಂತೆಯೇ ಈಜಾಡುತ್ತಿರುತ್ತವೆ. ಕಣ್ಣಿನಿಂದ ನೋಡಿ ಇದು ಇದೇ ಎಂದು ನಿರ್ಣಯಿಸಲು ನುರಿತ ವೈದ್ಯರೇ ಹಿಂಜರಿಯುತ್ತಾರೆ. ನಾವು ನೀವು ನಾಮಕರಣ ಮಾಡುವುದು ಹೇಗೆ?

ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಪತ್ರಲೇಖನದ ಪಾಠ ಬಂದಾಗ, ರಜಾ ಅರ್ಜಿಯನ್ನು ಬಿಟ್ಟು, ಮನೆಯ ಕೋಳಿಗಳು ಸತ್ತಿವೆಯೆಂದು ಪಶುವೈದ್ಯರಿಗೊಂದು ಪತ್ರ ಬರೆಯಿರೆಂದು ಹೇಳಿದೆವು. ಬಹುಪಾಲು ಮಕ್ಕಳು ‘ನಮ್ಮ ಮನೆಯಲ್ಲಿ ಕೊಕ್ಕರೆ ರೋಗ ಬಂದು ಕೋಳಿಗಳೆಲ್ಲ ಸತ್ತಿವೆ, ದಯಮಾಡಿ ಬೇಗ ಬನ್ನಿ’ ಎಂದು ಬರೆದರು. ಭಾಷೆ ಶುದ್ಧವಾಗಿತ್ತು, ಒಕ್ಕಣೆಯೂ ವಿನಯವೂ ಕುಂದಿಲ್ಲದೆ ಇದ್ದವು. ಆದರೆ ಓದಿದ ವೈದ್ಯನಿಗೆ ಏನು ತಿಳಿಯಿತು? ಎಷ್ಟು ಕೋಳಿಗಳಿದ್ದವು, ಎಂದು ಸತ್ತವು, ಹೇಗೆ ಸತ್ತವು, ಯಾವುದೂ ಇಲ್ಲ. ಇರುವುದೊಂದು ಹೆಸರು, ಅದೂ ಊಹೆ. ಕಂಡದ್ದನ್ನು ಒಂದು ಕಡೆ, ಕೇಳಿದ್ದನ್ನು ಮತ್ತೊಂದು ಕಡೆ, ಊಹಿಸಿದ್ದನ್ನು ಕಡೆಯಲ್ಲಿ ಬರೆಯಬೇಕೆಂದು ತಿದ್ದಿದ ಮೇಲೆ ಹುಡುಗಿಯೊಬ್ಬಳು ಬರೆದ ಪತ್ರ ಹೀಗಿತ್ತು:

‘ನಮ್ಮಲ್ಲಿ ೧೪ ಕೋಳಿಗಳಿದ್ದವು. ಸೋಮವಾರ ಬೆಳಗ್ಗೆ ಒಂದು, ಮಂಗಳವಾರ ಮೂರು, ಬುಧವಾರ ಐದು ಸತ್ತವು. ಉಳಿದ ಐದರಲ್ಲಿ ಎರಡು ಮೇವು ಮುಟ್ಟುತ್ತಿಲ್ಲ, ಅವುಗಳ ಜುಟ್ಟು ನೀಲಿಯಾಗಿದೆ. ಅದರ ಹಿಂದಿನ ವಾರ ಸಂತೆಯಿಂದ ಎರಡು ಹೇಂಟೆಗಳನ್ನು ತಂದಿದ್ದೆವು. ಮೊದಲು ಸತ್ತದ್ದು ಅವುಗಳಲ್ಲೊಂದು. ಪಕ್ಕದ ಮನೆಯಲ್ಲಿಯೂ ಸತ್ತಿವೆಯೆಂದು ಅಮ್ಮ ಕೇಳಿದ್ದಾಳೆ, ನಾವು ನೋಡಿಲ್ಲ. ಸತ್ತವುಗಳ ಮೇಲೆ ಬುಟ್ಟಿ ಕವುಚಿದ್ದೇವೆ, ಯಾರೂ ಮುಟ್ಟಿಲ್ಲ. ಯಾವ ರೋಗವೋ ತಿಳಿಯದು.’

ಇದು ಕಲ್ಪನೆಯ ಪತ್ರ, ನಿಜ. ಆದರೆ ರೋಗಶೋಧನೆಗೆ ಹೊರಟ ಅಧಿಕಾರಿ ಊರಿಗೆ ಬಂದು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಇದರಲ್ಲಿಯೇ ಉತ್ತರವಿದೆ. ಒಂದು, ಮೂರು, ಐದು ಎಂದು ದಿನದಿನಕ್ಕೆ ಸಾವು ಏರಿದ ಕ್ರಮವೇ ಒಂದು ಸಾಕ್ಷ್ಯ. ಹೊಸದಾಗಿ ತಂದ ಕೋಳಿ ಎಲ್ಲಿಯದು, ಆ ಸಂತೆಗೆ ಇನ್ನಾರು ಬಂದಿದ್ದರು, ಸತ್ತ ಕೋಳಿಗಳಿದ್ದ ಮನೆಯಿಂದ ಆಮೇಲೆ ಯಾವ ಕೋಳಿ, ಯಾವ ಮೊಟ್ಟೆ ಎಲ್ಲಿಗೆ ಹೋಯಿತು ಎಂದು ಹಿಂದಕ್ಕೂ ಮುಂದಕ್ಕೂ ಜಾಡುಹಿಡಿಯುವುದೇ ಅವರ ಮುಖ್ಯ ಕೆಲಸ. ಸತ್ತ ಹಕ್ಕಿಗಳನ್ನೂ ಬದುಕಿರುವವುಗಳ ಗಂಟಲಿನ ಮತ್ತು ಗುದದ್ವಾರದ ಒರೆಸುಗಳನ್ನೂ ಮಂಜುಗಡ್ಡೆಯಲ್ಲಿಟ್ಟು, ಸೋರದಂತೆ ಒಂದರೊಳಗೊಂದು ಡಬ್ಬಿಯಲ್ಲಿ ಭದ್ರಪಡಿಸಿ ಪರೀಕ್ಷೆಗೆ ಕಳುಹಿಸುತ್ತಾರೆ. ದಕ್ಷಿಣ ಪ್ರಾಂತಗಳಿಗಾಗಿ ಬೆಂಗಳೂರಿನ ಹೆಬ್ಬಾಳದಲ್ಲೊಂದು ಪ್ರಯೋಗಶಾಲೆಯಿದೆ. ಕಡೆಯ ನಿರ್ಣಯ ಭೋಪಾಲದ್ದು. ಅಲ್ಲಿ ವಿಷಾಣುವಿನ ವಂಶಾಕ್ಷರಗಳನ್ನೇ ಓದುತ್ತಾರೆ.

ಆ ಓದಿನ ಬಗೆಯನ್ನು ತಿಳಿದಾಗ ನಮಗೆ ನಮ್ಮ ಗ್ರಂಥಸಂಪಾದನೆಯ ನೆನಪಾಯಿತು. ಒಂದು ಕಾವ್ಯದ ತಾಳೆಗರಿಗಳು ಹತ್ತು ಊರುಗಳಲ್ಲಿ ದೊರೆತರೆ, ಯಾವ ಪ್ರತಿಯಲ್ಲಿ ಯಾವ ಲಿಪಿಕಾರನ ತಪ್ಪು ಮೊದಲು ನುಸುಳಿತು, ಆ ತಪ್ಪು ಯಾವ ಯಾವ ಪ್ರತಿಗಳಿಗೆ ಇಳಿದುಬಂತು ಎಂದು ಹೋಲಿಸಿ ಸಂಪಾದಕನು ಮಾತೃಕೆಯತ್ತ ಸಾಗುತ್ತಾನೆ. ವಿಷಾಣುವೂ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಅಕ್ಷರ ತಪ್ಪುತ್ತದೆ. ಎರಡು ಊರುಗಳ ವಿಷಾಣುವಿನಲ್ಲಿ ಒಂದೇ ತಪ್ಪುಗಳಿದ್ದರೆ ಅವೆರಡೂ ಹತ್ತಿರದ ನೆಂಟರು. ಆದರೆ ಓಲೆ ಕೈಗೆ ಬಾರದೆ ಸಂಪಾದಕನೇನು ಮಾಡಿಯಾನು? ಯಾರೂ ತಿಳಿಸದೆ ಹೂತುಹಾಕಿದ ಕೋಳಿ ಹುಳುತಿಂದ ಓಲೆಗರಿ.

ಇನ್ನು, ಜನ ಏಕೆ ತಿಳಿಸುವುದಿಲ್ಲ? ಈ ಪ್ರಶ್ನೆಗೆ ಅಜ್ಞಾನವೆಂಬ ಒಂದು ಸಿದ್ಧ ಉತ್ತರವುಂಟು. ನಾವು ಅದನ್ನು ಒಪ್ಪುವುದಿಲ್ಲ. ತಿಳಿಸದಿರುವುದಕ್ಕೆ ಬಡವರಲ್ಲಿ ಬಹಳ ಒಳ್ಳೆಯ ಕಾರಣಗಳಿವೆ. ರೋಗ ದೃಢಪಟ್ಟರೆ ಆ ಸ್ಥಳದ ಸುತ್ತ ಒಂದು ಕಿಲೋಮೀಟರಿನೊಳಗೆ ಸೋಂಕಿನ ವಲಯ. ಅದರೊಳಗಿನ ಕೋಳಿಗಳನ್ನೆಲ್ಲ, ರೋಗವಿಲ್ಲದವನ್ನೂ ಸಹ, ಕೊಂದು ಸುಣ್ಣ ಹಾಕಿ ಹೂಳುತ್ತಾರೆ. ಹತ್ತು ಕಿಲೋಮೀಟರಿನ ವರೆಗೆ ನಿಗಾ. ಆಗ ಸುದ್ದಿ ಕೊಟ್ಟವನೇ ಕೇರಿಗೆಲ್ಲ ಕೆಟ್ಟವನಾಗುತ್ತಾನೆ. ‘ನಿನ್ನ ನಾಲ್ಕು ಕೋಳಿ ಸತ್ತರೆ ಸಾಯಲಿ, ನಮ್ಮ ನಲವತ್ತನ್ನು ಏಕೆ ಕೊಲ್ಲಿಸಿದೆ?’ ಎಂಬ ಮಾತಿಗೆ ಆ ಮನೆಯ ಹೆಂಗಸು ಏನು ಉತ್ತರ ಹೇಳಬೇಕು? ಹಿತ್ತಿಲ ಕೋಳಿಗಳೆಂದರೆ ಅವಳ ಗಂಟಿನ ಹಣ. ಮಗುವಿನ ಪುಸ್ತಕಕ್ಕೂ ನೆಂಟರೂಟಕ್ಕೂ ಅದೇ ಆಧಾರ. ೨೦೦೮ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್, ದಕ್ಷಿಣ ದಿನಾಜಪುರ ಜಿಲ್ಲೆಗಳಲ್ಲಿ ರೋಗ ಕಾಣಿಸಿ ಬೇಗಬೇಗನೆ ಹರಡಿದಾಗ ಅದು ಬಹುಮಟ್ಟಿಗೆ ಹಿತ್ತಿಲ ಕೋಳಿಗಳ ನಡುವೆಯೇ ಹಬ್ಬಿತ್ತು. ಹಲವೆಡೆ ಜನ ಕೋಳಿಗಳನ್ನು ಬಚ್ಚಿಟ್ಟರು. ಕಡೆಗೆ ಕೊಲ್ಲಬೇಕಾಗಿ ಬಂದ ಹಕ್ಕಿಗಳು ೪೦ ಲಕ್ಷಕ್ಕೂ ಮೀರಿದವು.

ನಮ್ಮ ಜಾನಪದದ ಮುದುಕಿ ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳಂತೆ. ಸುದ್ದಿಯನ್ನು ಬಚ್ಚಿಟ್ಟರೆ ರೋಗ ನಿಲ್ಲುವುದೆಂಬ ಎಣಿಕೆಯೂ ಅದೇ ಜಾತಿಯದು.

ಕಾನೂನಿನ ಮಾತನ್ನೂ ಹೇಳಬೇಕು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯಲು ೨೦೦೯ರಲ್ಲಿ ಪಾರ್ಲಿಮೆಂಟು ಒಂದು ಅಧಿನಿಯಮವನ್ನು ಮಾಡಿದೆ. ಅದರ ಪ್ರಕಾರ, ಪಟ್ಟಿಯಲ್ಲಿರುವ ರೋಗ ತನ್ನ ಪ್ರಾಣಿಗೆ ತಗುಲಿದೆಯೆಂದು ನಂಬಲು ಕಾರಣವಿದ್ದರೆ ಒಡೆಯನು ಗ್ರಾಮಾಧಿಕಾರಿಗೋ ಪಂಚಾಯಿತಿಗೋ ತಿಳಿಸತಕ್ಕದ್ದು. ಅಲ್ಲಿಂದ ಸುದ್ದಿ ಹತ್ತಿರದ ಪಶುವೈದ್ಯನಿಗೆ ಹೋಗಬೇಕು. ರೋಗವೇನೆಂದು ಖಚಿತವಾಗಿ ತಿಳಿದಿರಬೇಕೆಂದು ಕಾನೂನು ಕೇಳುವುದಿಲ್ಲ, ಶಂಕೆಯೇ ಸಾಕು. ಇದನ್ನು ನಮ್ಮವರು ಗಮನಿಸಬೇಕು. ಹಾಗೆಯೇ ಪರಿಹಾರದ ನಿಯಮ. ಅದರ ಹಣವನ್ನು ಕೇಂದ್ರವೂ ರಾಜ್ಯವೂ ಅರ್ಧರ್ಧ ಹೊರುತ್ತವೆ. ಕೊಡುವುದು ಸರ್ಕಾರದವರು ಕೊಂದ ಕೋಳಿಗೆ, ನಾಶಪಡಿಸಿದ ಮೊಟ್ಟೆಗೆ ಮತ್ತು ಮೇವಿಗೆ. ಅದಕ್ಕೆ ಮೊದಲೇ ರೋಗದಿಂದ ಸತ್ತ ಕೋಳಿಗೆ ಕಾಸೂ ಇಲ್ಲ. ಅಂದರೆ ಸೋಮವಾರವೇ ತಿಳಿಸಿದವಳಿಗೆ ಹದಿಮೂರು ಕೋಳಿಗಳ ಪರಿಹಾರ, ಬುಧವಾರದ ವರೆಗೆ ಕಾದವಳಿಗೆ ಐದರದು. ಈ ಲೆಕ್ಕ ಕಚೇರಿಯ ಕಡತದಲ್ಲಿದೆ, ಹಿತ್ತಿಲಿಗೆ ಬಂದಿಲ್ಲ. ಇನ್ನೊಂದು ಮಾತು: ಒಂದು ಊರಿನಲ್ಲಿ ಪರಿಹಾರದ ಹಣ ತಿಂಗಳುಗಟ್ಟಲೆ ತಡವಾದರೆ ಮುಂದಿನ ಊರಿನಲ್ಲಿ ಸುದ್ದಿಯೂ ತಡವಾಗುತ್ತದೆ. ಸುದ್ದಿಯನ್ನು ಬಯಸುವವರು ಹಣವನ್ನು ಹೊತ್ತಿಗೆ ಸರಿಯಾಗಿ ಕೊಡುವುದೂ ರೋಗನಿವಾರಣೆಯ ಒಂದು ಭಾಗವೆಂದೇ ತಿಳಿಯಬೇಕೆಂದು ಈ ವೇದಿಕೆಯಿಂದ ವಿನಯಪೂರ್ವಕವಾಗಿ ಹೇಳುತ್ತೇವೆ.

ಈ ಹಿತ್ತಿಲ ಸುದ್ದಿ ಎಲ್ಲಿಯ ವರೆಗೆ ಹೋಗುತ್ತದೆಂದು ಮಕ್ಕಳು ಕೇಳಿದ್ದರು. ಪ್ಯಾರಿಸ್ ನಗರದ ವರೆಗೆ ಹೋಗುತ್ತದೆ. ಪ್ರಾಣಿಗಳ ಆರೋಗ್ಯವನ್ನು ಕುರಿತ ವಿಶ್ವಸಂಸ್ಥೆಯೊಂದು ಅಲ್ಲಿದೆ; ರೋಗ ದೃಢಪಟ್ಟ ೨೪ ಗಂಟೆಗಳೊಳಗಾಗಿ ಆಯಾ ದೇಶದವರು ಅಲ್ಲಿಗೆ ವರದಿಮಾಡಬೇಕು. ಅದು ಹುಟ್ಟಿದ ಕಥೆಯಲ್ಲಿ ನಮ್ಮ ಕಡೆಯ ದನಗಳ ಪಾತ್ರವಿದೆ. ೧೯೨೦ರಲ್ಲಿ ಹಿಂದೂಸ್ತಾನದಿಂದ ಬ್ರೆಜಿಲಿಗೆ ಹೊರಟ ಡುಬ್ಬದ ಗೂಳಿಗಳು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದಾಗ ಅಲ್ಲಿ ದೊಡ್ಡರೋಗ ಹಬ್ಬಿತು. ಅದರಿಂದೆಚ್ಚತ್ತ ದೇಶಗಳು ೧೯೨೪ರಲ್ಲಿ ಆ ಸಂಸ್ಥೆಯನ್ನು ಕಟ್ಟಿದವು. ನಮ್ಮ ಅಜ್ಜಂದಿರ ಕೊಟ್ಟಿಗೆಗಳನ್ನು ಬರಿದುಮಾಡಿದ ದೊಡ್ಡರೋಗ ೨೦೧೧ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಿದರು. ಲಸಿಕೆ ಅದರಲ್ಲಿ ದೊಡ್ಡ ಪಾಲು; ಹಳ್ಳಿಹಳ್ಳಿಯಿಂದ ದನ ಸತ್ತ ಸುದ್ದಿಯನ್ನು ಹುಡುಕಿ ತೆಗೆದದ್ದು ಇನ್ನೊಂದು ಪಾಲು.

ಮನುಷ್ಯರ ವಿಷಯದಲ್ಲಿ ಭಯವನ್ನು ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ, ಮೊಟ್ಟೆಯಲ್ಲಿ ಈ ವಿಷಾಣು ಉಳಿಯದು. ರೋಗ ಮನುಷ್ಯರಿಗೆ ತಗುಲುವುದು ಅಪರೂಪ. ತಗುಲಿದಾಗ ಮಾತ್ರ ಕ್ರೂರ. ೨೦೨೧ರಲ್ಲಿ ಹರಿಯಾಣದ ಹುಡುಗನೊಬ್ಬನು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡನು; ನಮ್ಮ ದೇಶದಲ್ಲಿ ಈ ರೋಗದಿಂದಾದ ಮೊದಲ ಮರಣವದು. ೨೦೨೫ರ ಮಾರ್ಚಿಯಲ್ಲಿ ನಮ್ಮದೇ ರಾಜ್ಯದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಹೆಣ್ಣುಮಗುವೊಂದು ಮೃತವಾಯಿತು. ಮಗು ಹಸಿ ಕೋಳಿಮಾಂಸದ ತುಣುಕನ್ನು ತಿಂದಿತ್ತೆಂದು ಪತ್ರಿಕೆಗಳಲ್ಲಿ ಬಂತು. ನಾಗಪುರದ ಗೋರೆವಾಡಾದಲ್ಲಿ ಅದೇ ಚಳಿಗಾಲದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಈ ರೋಗಕ್ಕೆ ತುತ್ತಾದವು. ಆದ್ದರಿಂದ ತಾಯಂದಿರಲ್ಲಿ ನಮ್ಮ ಬಿನ್ನಹ ಇಷ್ಟೆ: ಸತ್ತ ಕೋಳಿಯನ್ನು ಬರಿಗೈಯಿಂದ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಹೊಟ್ಟೆ ಸೀಳಿ ನೋಡಬೇಡಿ, ಬೆಕ್ಕು ನಾಯಿಗಳಿಗೆ ಎಸೆಯಬೇಡಿ. ಸಾಯುವ ಮುನ್ನ ಕುಯ್ದು ಮಾರಿಬಿಡೋಣವೆಂಬ ಆಸೆ ಬೇಡ. ಕಾಲುವೆಗಂತೂ ಹಾಕಲೇಬೇಡಿ, ಕೆಳಗಿನ ಊರಿನವರು ಅದೇ ನೀರನ್ನು ಕುಡಿಯುತ್ತಾರೆ.

ಇನ್ನು ನಮ್ಮ ಗಡಿಯ ತೊಡಕು. ಹತ್ತು ಕಿಲೋಮೀಟರಿನ ವೃತ್ತವನ್ನು ಆಲೂರಿನ ಅಂಚಿನ ಹಳ್ಳಿಯೊಂದರ ಸುತ್ತ ಎಳೆದರೆ ಅದರ ಒಂದು ಹೋಳು ಕರ್ನಾಟಕಕ್ಕೆ ಬೀಳುವುದುಂಟು. ಅತ್ತಣ ಆದೇಶ ಕನ್ನಡದಲ್ಲಿ, ಇತ್ತಣದು ತೆಲುಗಿನಲ್ಲಿ. ತೆಲುಗನ್ನು ಆಡಬಲ್ಲ, ಆದರೆ ಓದಲಾರದ ಕನ್ನಡಿಗ ತಾಯಿ ನಮ್ಮ ಮನೆಮನೆಯಲ್ಲಿಯೂ ಇದ್ದಾಳೆ. ಗೋಡೆಗೆ ಅಂಟಿಸಿದ ಪ್ರಕಟಣೆ ಅವಳಿಗೆ ಚಿತ್ರದಂತೆ. ಕೋಳಿ ಎಷ್ಟು ಸತ್ತವೆಂಬುದು ಗೊತ್ತಿರುವುದು ಅವಳಿಗೆ. ಅರ್ಜಿ ಬರೆಯಬಲ್ಲವನು ಅವಳ ಗಂಡ. ಅವನಿಗೆ ಲೆಕ್ಕ ಗೊತ್ತಿಲ್ಲ. ಈ ನಡುವಣ ಜಾಗದಲ್ಲಿ ನಿಲ್ಲಬಲ್ಲವರು ಎರಡು ಲಿಪಿಗಳನ್ನೂ ಕಲಿತ ನಮ್ಮ ಮಕ್ಕಳು. ಸಂಘವೆಂದರೆ ನವೆಂಬರಿನ ಧ್ವಜವೂ ನಾಟಕವೂ ಮಾತ್ರವೆಂದು ನಾವು ತಿಳಿದಿಲ್ಲ. ಸುದ್ದಿ ಕೊಟ್ಟ ಮನೆಯನ್ನು ಕೇರಿ ದೂರಿದಾಗ ಆ ಮನೆಯ ಜಗುಲಿಯ ಮೇಲೆ ಹೋಗಿ ಕುಳಿತುಕೊಳ್ಳುವ ನಾಲ್ಕು ಜನ ಸಂಘದಿಂದ ಬರಬೇಕು. ಪರಿಹಾರದ ಅರ್ಜಿಯನ್ನು ಬರೆದುಕೊಡುವುದೂ ಅವರದೇ ಕೆಲಸವಾಗಲಿ.

ಆ ಹುಡುಗಿಯ ಪತ್ರವನ್ನೇ ನಮೂನೆಯಾಗಿ ಇಟ್ಟುಕೊಂಡು, ಹೆಸರು, ಊರು, ದಿನ, ಸಂಖ್ಯೆಗಳಿಗೆ ಜಾಗ ಬಿಟ್ಟು, ಒಂದು ಮಗ್ಗುಲಲ್ಲಿ ಕನ್ನಡವನ್ನೂ ಇನ್ನೊಂದು ಮಗ್ಗುಲಲ್ಲಿ ತೆಲುಗನ್ನೂ ಬರೆಸಿದ ಹಾಳೆಗಳನ್ನು ವಿದ್ಯಾರ್ಥಿಗಳು ಸಿದ್ಧಪಡಿಸಿದ್ದಾರೆ. ಹಾಳೆಯ ತಲೆಯಲ್ಲಿ ಪಶುವೈದ್ಯಸೇವೆಯ ೧೯೬೨ ಎಂಬ ದೂರವಾಣಿ ಸಂಖ್ಯೆಯಿದೆ. ಬರೆಯಲು ಬಾರದವರು ಅದಕ್ಕೆ ಕರೆಮಾಡಿ, ಹಾಳೆಯಲ್ಲಿರುವ ಪ್ರಶ್ನೆಗಳ ಕ್ರಮದಲ್ಲಿಯೇ ಉತ್ತರ ಹೇಳಬಹುದು. ರೋಗದ ಹೆಸರಿಗೆ ಅದರಲ್ಲಿ ಜಾಗವನ್ನು ಬಿಟ್ಟಿಲ್ಲ. ಹಾಳೆಗಳು ಸಂಘದ ವಾಚನಾಲಯದಲ್ಲಿ, ಬಾಗಿಲ ಪಕ್ಕದ ಮೇಜಿನ ಮೇಲಿವೆ.